ಪಾಲಬಾವೀಯ ಆವರೇಜ್ ಮೀಮಾಂಸೆ

ಶಾಸ್ತ್ರಗ್ರಂಥ ಶುರು ಮಾಡುವ ಮುಂಚೆ ಅನುಬಂಧ ಚತುಷ್ಟಯ ಹೇಳಬೇಕೆಂಬುದು ಹಿರಿಯರ ಕಟ್ಟಳೆ. ಅದರಂತೆ ಹೇಳುತ್ತೇವೆ. ಈ ಗ್ರಂಥದ ವಿಷಯ ಆವರೇಜ್, ಅಂದರೆ ಒಂದು ಲೀಟರ್ ಪೆಟ್ರೋಲಿಗೆ ಗಾಡಿ ಎಷ್ಟು ಕಿಲೋಮೀಟರ್ ಓಡುತ್ತದೆ ಎಂಬುದು. ಪ್ರಯೋಜನ, ತಿಂಗಳಿಗೆ ನೂರಿನ್ನೂರು ರೂಪಾಯಿ ಉಳಿತಾಯ. ಉಳಿದದ್ದನ್ನು ಕಣ್ಣಾರೆ ಕಂಡವರು ಮಾತ್ರ ಯಾರೂ ಇಲ್ಲ. ಸಂಬಂಧ, ಗಾಡಿಗೂ ಅದರ ಕಂತಿಗೂ ಇರುವುದು. ಇನ್ನು ಅಧಿಕಾರಿ, ಎಂದರೆ ಇದನ್ನು ಓದಲು ಯೋಗ್ಯನಾದವನು: ರಾತ್ರಿ ಹತ್ತರ ಮೇಲೆ ಮುಗಳಖೋಡದಿಂದ ಬರುವಾಗ ರಿಜರ್ವೂ ಮುಗಿದು, ಗಾಡಿಯನ್ನು ಎಡಕ್ಕೆ ವಾಲಿಸಿ, ಟ್ಯಾಂಕಿನ ಬಲಮೂಲೆಯಲ್ಲಿ ನಿಂತ ಕೊನೆಯ ಗುಟುಕನ್ನು ಕಾರ್ಬೊರೇಟರಿಗೆ ಇಳಿಸಿ, ಚೋಕ್ ಎಳೆದು ಕಿಕ್ ಹೊಡೆದವನು. ಹೀಗೆ ಹೊಡೆಯದವನಿಗೆ ಈ ಶಾಸ್ತ್ರದಲ್ಲಿ ಪ್ರವೇಶವಿಲ್ಲ. ಕಾರು ಇದ್ದವರು ಮೊದಲೇ ಅನರ್ಹರು.

ದೇಶವನ್ನೂ ಹೇಳಿಬಿಡೋಣ. ಬೆಳಗಾವಿ ಜಿಲ್ಲೆ, ರಾಯಬಾಗ ತಾಲೂಕು, ಪಾಲಬಾವಿ. ಸುತ್ತಲೂ ಕಬ್ಬು, ಕಬ್ಬಿನ ನಡುವೆ ರಸ್ತೆ, ರಸ್ತೆಯ ಮೇಲೆ ಸ್ಪ್ಲೆಂಡರ್. ಇಲ್ಲಿ ಹೊಸ ಗಾಡಿ ತಂದವನಿಗೆ ಬಣ್ಣ ಯಾವುದೆಂದು ಕೇಳುವುದಿಲ್ಲ, ಅದು ಕಾಣುತ್ತದೆ. ಕುಂಕುಮ ಹಚ್ಚಿ ಕಾಯಿ ಒಡೆಯುವ ಮೊದಲೇ ಕಟ್ಟೆಯಿಂದ ಬರುವ ಪ್ರಶ್ನೆ ಒಂದೇ: ‘ಏ ತಮ್ಮಾ, ಆವರೇಜ್ ಎಷ್ಟ ಕೊಡತೈತಿ?’

ಈ ಪ್ರಶ್ನೆಗೆ ಉತ್ತರ ತಿಳಿಯುವ ದಾರಿಗಳನ್ನು ಪ್ರಮಾಣಗಳೆನ್ನುತ್ತಾರೆ. ಪ್ರತ್ಯಕ್ಷ ಪ್ರಮಾಣವೆಂದರೆ ಟ್ಯಾಂಕಿನ ಮುಚ್ಚಳ ತೆಗೆದು, ಗಾಡಿ ಅಲುಗಾಡಿಸಿ, ಒಂದು ಕಣ್ಣು ಮುಚ್ಚಿ ಇಣುಕುವುದು. ಇದರಲ್ಲಿ ಪೆಟ್ರೋಲಿಗಿಂತ ನಮ್ಮ ಮುಖವೇ ಹೆಚ್ಚು ಕಾಣುತ್ತದೆ. ಅನುಮಾನ ಪ್ರಮಾಣ ರಿಜರ್ವಿನದು: ಹೋದ ಸಲ ರಿಜರ್ವ್ ಬಿದ್ದಲ್ಲಿಂದ ಈ ಸಲ ಬೀಳುವವರೆಗೆ ಎಷ್ಟು ಓಡಿತು, ನಡುವೆ ಎಷ್ಟು ಹಾಕಿಸಿದೆವು ಎಂಬ ಲೆಕ್ಕ. 2020ರ ಏಪ್ರಿಲ್ 1ರಿಂದ ಹೊಗೆಗೆ ಕಡಿವಾಣ ಹಾಕುವ ಬಿಎಸ್-6 ನಿಯಮ ಬಂದು, ಹೊಸ ಗಾಡಿಗಳಲ್ಲಿ ಕಾರ್ಬೊರೇಟರಿನ ಜಾಗದಲ್ಲಿ ಇಂಜೆಕ್ಷನ್ ಕೂತಿತು. ರಿಜರ್ವಿನ ಕಾಕ್ ಮಾಯವಾಯಿತು. ಅಲ್ಲಿಗೆ ಒಂದು ಪ್ರಮಾಣವೇ ಸತ್ತಿತು. ಉಳಿದದ್ದು ಟ್ಯಾಂಕ್ ಫುಲ್ ಮಾಡಿ, ಕಿಲೋಮೀಟರ್ ಬರೆದಿಟ್ಟು, ಮತ್ತೆ ಅದೇ ಪಂಪಿನಲ್ಲಿ ಅದೇ ಮಟ್ಟಕ್ಕೆ ಫುಲ್ ಮಾಡಿ ಭಾಗಿಸುವುದು. ಇದೊಂದೇ ನಿರ್ದುಷ್ಟ ಮಾರ್ಗ. ಆದರೆ ಇದಕ್ಕೆ ಒಂದೇ ಸಲ ಟ್ಯಾಂಕ್ ಫುಲ್ ಮಾಡಿಸುವವನು ಬೇಕು. ಕಬ್ಬಿನ ಬಿಲ್ಲು ಬಂದ ವಾರ ಬಿಟ್ಟರೆ ಅಂಥವನು ಸಿಗುವುದು ಅಪರೂಪವಾದ್ದರಿಂದ ಈ ಪ್ರಮಾಣ ಋತುಮಾನಕ್ಕೆ ಬದ್ಧ.

ಮೂರನೆಯದು ಶಬ್ದ ಪ್ರಮಾಣ, ಆಪ್ತವಾಕ್ಯ. ಇಲ್ಲಿ ಆಪ್ತನೆಂದರೆ ಶೋರೂಮಿನ ಹುಡುಗ. ಅವನ ಮಾತಿಗೆ ಮೂಲ ಪರೀಕ್ಷಾಲಯ. ಪುಣೆಯಲ್ಲಿ 1966ರಲ್ಲಿ ಹುಟ್ಟಿದ ಎಆರ್‌ಎಐನಂಥ ಸಂಸ್ಥೆಗಳಲ್ಲಿ ಗಾಡಿಯನ್ನು ಉರುಳೆಗಳ ಮೇಲೆ ನಿಲ್ಲಿಸಿ, ಗೊತ್ತುಪಡಿಸಿದ ವೇಗದಲ್ಲಿ, ಗೊತ್ತುಪಡಿಸಿದ ಹೊತ್ತು ಓಡಿಸುತ್ತಾರೆ. ಗಾಡಿ ಓಡುತ್ತದೆ, ಆದರೆ ಎಲ್ಲಿಗೂ ಹೋಗುವುದಿಲ್ಲ. ಎದುರಿಗೆ ಡಬಲ್ ಟ್ರೇಲರಿನ ಕಬ್ಬಿನ ಟ್ರ್ಯಾಕ್ಟರ್ ಬರುವುದಿಲ್ಲ, ಹಿಂದೆ ಹಾಲಿನ ಕ್ಯಾನು ಇರುವುದಿಲ್ಲ, ನಡುವೆ ನಾಯಿ ಬೀಳುವುದಿಲ್ಲ. ಅಲ್ಲಿ ಬಂದ ಸಂಖ್ಯೆ ಸುಳ್ಳಲ್ಲ. ಒಂದು ಗಾಡಿಯನ್ನು ಇನ್ನೊಂದರ ಜೊತೆ ತೂಗಿ ನೋಡಲು ಅದು ಬೇಕು. ಅದನ್ನು ಹಾರೂಗೇರಿ ರಸ್ತೆಯಲ್ಲಿ ಹುಡುಕುವುದು ಮಾತ್ರ ನಮ್ಮ ತಪ್ಪು.

ಮೂರೂ ಪ್ರಮಾಣಗಳು ಬೇರೆ ಬೇರೆ ಉತ್ತರ ಕೊಟ್ಟಾಗ ಏನು ಮಾಡಬೇಕು? ಇದಕ್ಕೆ ನಮ್ಮ ಸೀಮೆಯಲ್ಲೇ ಮದ್ದಿದೆ. ಶೇಡಬಾಳ, ಸದಲಗಾಗಳ ಕಡೆ ಬಸದಿಯ ಕಟ್ಟೆಯಲ್ಲಿ ಕೂತು ಬಂದವರಿಗೆ ಜೈನರ ಸ್ಯಾದ್ವಾದದ ಸಪ್ತಭಂಗಿ, ಅಂದರೆ ಒಂದೇ ಮಾತನ್ನು ಏಳು ದೃಷ್ಟಿಯಿಂದ ಹೇಳುವ ಬಗೆ, ಗೊತ್ತೇ ಇರುತ್ತದೆ. ಆವರೇಜಿಗೆ ಅದಕ್ಕಿಂತ ಹೊಂದುವ ತರ್ಕವನ್ನು ನಾವು ಕಂಡಿಲ್ಲ. ಮೊದಲ ಭಂಗ, ಸ್ಯಾದಸ್ತಿ: ಒಂದು ದೃಷ್ಟಿಯಿಂದ ಗಾಡಿ ಎಪ್ಪತ್ತು ಕೊಡುತ್ತದೆ, ಇದು ಗಾಡಿ ಮಾರಲು ಇಟ್ಟವನ ದೃಷ್ಟಿ. ಎರಡನೆಯದು ಸ್ಯಾನ್ನಾಸ್ತಿ: ಒಂದು ದೃಷ್ಟಿಯಿಂದ ಕೊಡುವುದಿಲ್ಲ. ಅದೇ ಗಾಡಿಯನ್ನು ಒಂದು ದಿನದ ಮಟ್ಟಿಗೆ ಕೇಳಲು ಬಂದ ಭಾವನಿಗೆ ಅದೇ ಮಾಲೀಕ ಹೇಳುವುದು, ‘ಬಾಳ ಕುಡಿತೈತ್ರೀ, ನಲವತ್ತೂ ಕೊಡೂದಿಲ್ಲ.’ ಮೂರನೆಯದರಲ್ಲಿ ಎರಡೂ ನಿಜ: ಒಬ್ಬನೇ ಹೋದರೆ ಕೊಡುತ್ತದೆ, ಚಿಂಚಲಿ ಮಾಯಕ್ಕನ ಜಾತ್ರೆಗೆ ಮೂವರು ಹೋದರೆ ಕೊಡುವುದಿಲ್ಲ. ನಾಲ್ಕನೆಯದು ಅವಕ್ತವ್ಯ, ಹೇಳಲು ಬಾರದ್ದು. ಮಗ ‘ಇಲ್ಲೇ ಹೋಗಿ ಬರ್ತೀನಿ’ ಎಂದು ಗಾಡಿ ಒಯ್ದು ಸಂಜೆ ತಂದಿಟ್ಟ ದಿನದ ಆವರೇಜ್ ಈ ವರ್ಗಕ್ಕೆ ಸೇರುತ್ತದೆ. ಉಳಿದ ಮೂರು ಭಂಗಗಳು ಇವುಗಳ ಕೂಡಿಕೆ, ಓದುಗರು ತಮ್ಮ ಮನೆಯ ಪರಿಸ್ಥಿತಿ ನೋಡಿ ಕೂಡಿಸಿಕೊಳ್ಳಬಹುದು.

ಈಗ ಪೂರ್ವಪಕ್ಷ, ಅಂದರೆ ಎದುರಾಳಿಯ ವಾದ. ಪೂರ್ವಪಕ್ಷಿ ಯಾವಾಗಲೂ ಗಟ್ಟಿ ದನಿಯವನು. ಅವನ ವಾದ: ಆವರೇಜ್ ಬೀಳುವುದಕ್ಕೆ ಕಾರಣ ಪಂಪ್. ‘ನೂರರದ್ದು ಹಾಕಿಸಬ್ಯಾಡ, ನೂರಾ ಹತ್ತರದ್ದ ಹಾಕಿಸ. ಮುಂಜಾನೆ ಥಂಡ್ಯಾಗ ಹಾಕಿಸ, ಪೆಟ್ರೋಲ್ ಗಟ್ಟಿ ಇರತೈತಿ.’ ನೂರಾ ಹತ್ತರ ಮಂತ್ರಕ್ಕೆ ಆಧಾರ ಸಿಕ್ಕಿಲ್ಲ; ಯಂತ್ರಕ್ಕೆ ಎರಡೂ ಸಂಖ್ಯೆಗಳೇ. ಥಂಡಿಯ ವಾದದಲ್ಲಿ ಕಾಳಿನಷ್ಟು ನಿಜವಿದೆ. ಪೆಟ್ರೋಲು ಒಂದು ಡಿಗ್ರಿ ಬಿಸಿಗೆ ಸಾವಿರಕ್ಕೆ ಒಂದು ಪಾಲಿನಷ್ಟು ಹಿಗ್ಗುತ್ತದೆ, ಹತ್ತು ಡಿಗ್ರಿಗೆ ಲೀಟರಿಗೆ ಹತ್ತು ಮಿಲಿಲೀಟರ್. ಆದರೆ ಪಂಪಿನ ಟ್ಯಾಂಕ್ ಇರುವುದು ನೆಲದೊಳಗೆ. ಅಲ್ಲಿ ಮುಂಜಾನೆ ಮಧ್ಯಾಹ್ನದ ವ್ಯತ್ಯಾಸ ತಟ್ಟುವುದೇ ಕಡಿಮೆ. ಸಂಶಯವೇ ಬಂದರೆ ಸರ್ಕಾರದ ಮೊಹರು ಬಿದ್ದ ಐದು ಲೀಟರಿನ ಅಳತೆ ಪಾತ್ರೆ ಪ್ರತಿ ಪಂಪಿನಲ್ಲೂ ಇರಬೇಕು, ಗಿರಾಕಿ ಕೇಳಿದರೆ ಅಳೆದು ತೋರಿಸಬೇಕು. ಐದು ಲೀಟರಿಗೆ 25 ಮಿಲಿಲೀಟರಿಗಿಂತ ಹೆಚ್ಚು ಕಡಿಮೆಯಾಗುವಂತಿಲ್ಲ. ಇಷ್ಟು ಹೇಳಿದರೆ ಪೂರ್ವಪಕ್ಷಿ ಎದ್ದು ಪಂಪಿಗೆ ಹೋಗುವುದಿಲ್ಲ, ಇನ್ನೊಂದು ಚಹಾ ಹೇಳುತ್ತಾನೆ. ಆ ಹೊತ್ತಿಗೆ ಹೊರಗೆ ಅವನ ಗಾಡಿ ಚಾಲೂ ಇದ್ದೇ ಇರುತ್ತದೆ. ಪೆಟ್ರೋಲಿಯಂ ಉಳಿಸಲೆಂದೇ 1978ರಲ್ಲಿ ಹುಟ್ಟಿದ ಪಿಸಿಆರ್‌ಎ ಸಂಸ್ಥೆ ಸಿಗ್ನಲ್ಲಿನಲ್ಲಿ ಇಂಜಿನ್ ಆಫ್ ಮಾಡಿರೆಂದು ಸಾರುತ್ತದೆ; ಸಿಗ್ನಲ್ಲೇ ಇಲ್ಲದ ಊರಿಗೆ ಆ ಉಪದೇಶ ಅನ್ವಯಿಸುವುದಿಲ್ಲವೆಂದು ಇವನ ವ್ಯಾಖ್ಯಾನ.

ಅದಕ್ಕೆ ಉತ್ತರ ಕೊಡುವ ಸಿದ್ಧಾಂತಿ ಕೂರುವುದು ಗ್ಯಾರೇಜಿನಲ್ಲಿ. ಅವನಿಗೆ ಮಿಸ್ತ್ರಿ ಎಂದು ಹೆಸರು, ಕೈಯಲ್ಲಿ ಸ್ಕ್ರೂ ಡ್ರೈವರ್. ಹಳೆಯ ಗಾಡಿ ತಂದವರೆಲ್ಲ ಕೇಳುವುದು ಒಂದೇ, ‘ಕಾರ್ಬೊರೇಟರ್ ಸೆಟ್ಟಿಂಗ್ ಮಾಡ ತಮ್ಮಾ.’ ಹವಾ ಸ್ಕ್ರೂ ಅರ್ಧ ಸುತ್ತು ತಿರುಗಿಸಿ ‘ಈಗ ನೋಡ್ರಿ ಕಾಕಾ’ ಎಂದರೆ ಎಲ್ಲರಿಗೂ ಸಮಾಧಾನ. ಪೆಟ್ರೋಲ್ ಹತ್ತಿಕ್ಕಿದರೆ ಉಳಿಯುತ್ತದೆಂದು ಇನ್ನೂ ತಿರುಗಿಸಲು ಒತ್ತಾಯ ಮಾಡುವವರುಂಟು. ಪೂರ್ತಿ ಉರಿಯಲು ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು. ಅದಕ್ಕಿಂತ ಬಹಳ ಒಣಗಿಸಿದರೆ ಇಂಜಿನ್ ಕಾಯುತ್ತದೆ, ಎಳೆಯುವುದಿಲ್ಲ, ಎಳೆಯದ್ದಕ್ಕೆ ಸವಾರ ಎಕ್ಸಲೇಟರ್ ಮತ್ತಷ್ಟು ತಿರುವುತ್ತಾನೆ. ಉಳಿಸಿದ್ದು ಅಲ್ಲೇ ಹೋಯಿತು.

ಒಳ್ಳೆಯ ಮಿಸ್ತ್ರಿ ಸ್ಕ್ರೂ ಮುಟ್ಟುವ ಮುಂಚೆ ಬೇರೆ ಕೆಲಸ ಮಾಡುತ್ತಾನೆ. ಗಾಡಿಯನ್ನು ಡಬಲ್ ಸ್ಟ್ಯಾಂಡ್ ಮೇಲೆ ಎತ್ತಿ, ನ್ಯೂಟ್ರಲ್ ಮಾಡಿ, ಹಿಂದಿನ ಗಾಲಿಯನ್ನು ಕೈಯಿಂದ ಬೀಸುತ್ತಾನೆ. ಸರಿಯಿದ್ದರೆ ಅದು ಎರಡು ಮೂರು ಸುತ್ತು ತನ್ನಷ್ಟಕ್ಕೆ ತಿರುಗಬೇಕು. ‘ಸರ್ರ್’ ಎಂದು ಅರ್ಧ ಸುತ್ತಿಗೇ ನಿಂತರೆ ಬ್ರೇಕ್ ಹಿಡಿದಿದೆ ಎಂದರ್ಥ. ಅಂದರೆ ಅಷ್ಟು ದಿನ ಸವಾರ ಬ್ರೇಕ್ ಒತ್ತಿಕೊಂಡೇ ಊರೂರು ತಿರುಗಿದ್ದಾನೆ. ಆಮೇಲೆ ಚೈನನ್ನು ನಡುವೆ ಬೆರಳಿನಿಂದ ಎತ್ತಿ ನೋಡುತ್ತಾನೆ: ಎರಡು ಮೂರು ಸೆಂಟಿಮೀಟರ್ ಆಡಬೇಕು, ತಂತಿಯ ಹಾಗೆ ಬಿಗಿದಿರಬಾರದು. ಏರ್ ಫಿಲ್ಟರ್ ತೆಗೆದು ನೆಲಕ್ಕೆ ಬಡಿದರೆ ಹೊಲದ ಮಣ್ಣು ಹೊಲಕ್ಕೇ ವಾಪಸು. ಕಡೆಗೆ ಟೈರು. ಪಂಪಿನಲ್ಲಿ ಹವಾ ಪುಕ್ಕಟೆ. ಪುಕ್ಕಟೆಯಾದ್ದರಿಂದಲೇ ಅದರ ಮೇಲೆ ಯಾರಿಗೂ ವಿಶ್ವಾಸವಿಲ್ಲ. ಆವರೇಜ್ ಏರುತ್ತದೆಂದು ಪೆಟ್ರೋಲ್ ಪೈಪಿಗೆ ಕಟ್ಟುವ ಅಯಸ್ಕಾಂತವನ್ನು ಇನ್ನೂರು ಮುನ್ನೂರು ಕೊಟ್ಟು ತರುವವನು ಹವಾ ಹಾಕಿಸಲು ಎರಡು ನಿಮಿಷ ನಿಲ್ಲುವುದಿಲ್ಲ. ಇಲ್ಲಿ ಸೂತ್ರ: ಯಾವ ಉಪಾಯಕ್ಕೆ ಖರ್ಚಿಲ್ಲವೋ ಅದು ಉಪಾಯವಲ್ಲ.

ವೇಗದ ವಿಚಾರವನ್ನು ಶಾಸ್ತ್ರಕಾರರು ಬೇಗ ಮುಗಿಸಿದ್ದಾರೆ. ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತದೆ. 50ರಲ್ಲಿ ಹೋಗುವವನು 70ಕ್ಕೆ ಏರಿದರೆ ತಡೆ ಹೆಚ್ಚುಕಡಿಮೆ ಎರಡು ಪಟ್ಟು. ಪಿಸಿಆರ್‌ಎ ಹೇಳುವುದು 45ರಿಂದ 55. ಹಿಂದೆ ಹಸಿಮೇವಿನ ಹೊರೆ ಅಡ್ಡ ಕಟ್ಟಿದವನ ಅಗಲ ಮೂರು ಜನರಷ್ಟಾಗುವುದರಿಂದ ಅವನ ಲೆಕ್ಕವೇ ಬೇರೆ, ಆದರೆ ಅವನು 70ಕ್ಕೆ ಏರುವುದೂ ಇಲ್ಲ. ಹೀಗೆ ಎಮ್ಮೆ ಸಾಕಿದವನಿಗೆ ಆವರೇಜಿನ ವಿಷಯದಲ್ಲಿ ಸಹಜ ಸಂಯಮ ಒದಗುತ್ತದೆ.

ಈ ಜಿಜ್ಞಾಸೆ ಅನಾದಿಯೇನಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಓಡಿದ ಕಾಲದಲ್ಲಿ ಗಾಡಿಯ ಸದ್ದೇ ಅದರ ಮರ್ಯಾದೆ. ಟು-ಸ್ಟ್ರೋಕ್ ಇಂಜಿನ್ ಎಷ್ಟು ಕುಡಿಯುತ್ತದೆಂದು ಕೇಳುವುದು ಬೀಗರ ಮನೆಯಲ್ಲಿ ಎಷ್ಟು ರೊಟ್ಟಿ ತಿಂದಿರೆಂದು ಕೇಳಿದ ಹಾಗಿತ್ತು. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂದು, ತುಂಬಿಸಿ, ಮುಚ್ಚಿ, ಮರೆತುಬಿಡಿ ಎಂದು ಜಾಹೀರಾತು ಹಾಕಿದ ಮೇಲೆ ಯುಗ ಬದಲಾಯಿತು. 1994ರಲ್ಲಿ ಸ್ಪ್ಲೆಂಡರ್ ಬಂತು, 97.2 ಸಿಸಿ. ತುಂಬಿಸುವುದನ್ನೂ ಮುಚ್ಚುವುದನ್ನೂ ನಮ್ಮ ಜನ ಪಾಲಿಸಿದರು. ಮರೆಯುವುದು ಮಾತ್ರ ಸಾಧ್ಯವಾಗಲಿಲ್ಲ.

ಈಗ ಗ್ರಂಥದ ಗಹನವಾದ ಭಾಗಕ್ಕೆ ಬಂದೆವು, ಎಥೆನಾಲ್ ಪ್ರಕರಣ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಪ್ರಧಾನಿ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟರು, ಅಂದರೆ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್. 2025ರ ಹೊತ್ತಿಗೆ ಅದೇ ಎಲ್ಲ ಕಡೆ ಬಂತು. ಆವತ್ತಿನಿಂದ ಪೂರ್ವಪಕ್ಷಿ ಪಂಪಿನವನನ್ನು ಬಿಟ್ಟು ಎಥೆನಾಲನ್ನು ಹಿಡಿದ. ಅವನ ಗಾಡಿ ಮೊದಲು ಅರವತ್ತು ಕೊಡುತ್ತಿತ್ತು, ಈಗ ನಲವತ್ತೈದು. ಕಾರಣ? ‘ಪೆಟ್ರೋಲಿನ್ಯಾಗ ಕಬ್ಬಿನ ಹಾಲ ಕೂಡಸ್ಯಾರ.’

ದೂರಿನಲ್ಲಿ ಹುರುಳಿಲ್ಲವೆಂದಲ್ಲ. ಒಂದು ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಎಥೆನಾಲಿಲ್ಲದ ಪೆಟ್ರೋಲಿಗೆಂದು ಮಾಡಿ ಇ10ಕ್ಕೆ ಹೊಂದಿಸಿದ ದ್ವಿಚಕ್ರ ವಾಹನ ಇ20 ಕುಡಿದರೆ ನೂರಕ್ಕೆ 3ರಿಂದ 4ರಷ್ಟು ಆವರೇಜ್ ಬೀಳುತ್ತದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಅರವತ್ತಕ್ಕೆ ಅದು ಎರಡು, ಎರಡೂವರೆ ಕಿಲೋಮೀಟರ್. ಉಳಿದ ಹನ್ನೆರಡೂವರೆ, ಹದಿಮೂರು ಕಿಲೋಮೀಟರ್ ಎಲ್ಲಿ ಹೋಯಿತೆಂದು ತಿಳಿಯಬೇಕಾದವರು ಹಿಂದಿನ ಗಾಲಿಯನ್ನು ಒಮ್ಮೆ ಬೀಸಿ ನೋಡಬೇಕು.

ಸೋಜಿಗವಿರುವುದು ಬೇರೆಡೆ. ದೂರುವವನೂ ಕಬ್ಬು ಬೆಳೆದವನೂ ಒಬ್ಬನೇ. ಮಹಾಲಿಂಗಪುರದ ಹತ್ತಿರ ಸಮೀರವಾಡಿಯ ಸಕ್ಕರೆ ಕಾರ್ಖಾನೆ ಎಥೆನಾಲ್ ತೆಗೆಯುತ್ತದೆ. 2025ರ ನವೆಂಬರಿನಲ್ಲಿ ನಮ್ಮ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಟನ್ ಕಬ್ಬಿಗೆ 3,500 ರೂಪಾಯಿ ಕೇಳಿ ರೈತರು ಧರಣಿ ಕೂತಾಗ, ಎಥೆನಾಲಿನಿಂದ ಕಾರ್ಖಾನೆಗಳಿಗೆ ಬರುವ ಆದಾಯದ ಮಾತೂ ಎದ್ದಿತ್ತು. ಆ ಧರಣಿಗೆ ಬಹಳ ಮಂದಿ ಹೋದದ್ದು ಬೈಕಿನ ಮೇಲೆಯೇ ಇರಬೇಕು. ಹಾಗಾದರೆ ಹೊಲವನ್ನೂ ಟ್ಯಾಂಕನ್ನೂ ಒಂದೇ ಲೆಕ್ಕದಲ್ಲಿ ಕೂಡಿಸದೆ ಆವರೇಜ್ ಶಾಸ್ತ್ರ ಪೂರ್ಣವಾಗುವುದಿಲ್ಲ. ಕೂಡಿಸೋಣ.

ಒಂದು ಟನ್ ಕಬ್ಬಿನ ರಸವನ್ನೆಲ್ಲ ಎಥೆನಾಲ್ ಮಾಡಿದರೆ ಸುಮಾರು 70 ಲೀಟರ್. ಎಕರೆಗೆ 40 ಟನ್ ಹಿಡಿದರೆ 2,800 ಲೀಟರ್. ಇದರಿಂದ 14,000 ಲೀಟರ್ ಇ20 ಆಗುತ್ತದೆ. ಲೀಟರಿಗೆ ಅರವತ್ತರಂತೆ 8,40,000 ಕಿಲೋಮೀಟರ್, ಭೂಮಿಯನ್ನು 21 ಸುತ್ತು. ಒಂದೆಕರೆ ಕಬ್ಬಿಗೆ ಇಪ್ಪತ್ತೊಂದು ಭೂಪ್ರದಕ್ಷಿಣೆ! ಉಳಿದ 11,200 ಲೀಟರ್ ಪೆಟ್ರೋಲನ್ನು ಸವಾರ ತನ್ನ ಕೈಯಿಂದ ಕೊಳ್ಳಬೇಕೆಂಬುದು ಸಣ್ಣ ಅಡಚಣೆ.

ಇನ್ನು ನೀರಿನ ಆವರೇಜ್. ನೀತಿ ಆಯೋಗದ ಅದೇ ವರದಿಯ ಪ್ರಕಾರ ಕಬ್ಬಿನಿಂದ ಒಂದು ಲೀಟರ್ ಎಥೆನಾಲ್ ಬರಲು ಸುಮಾರು 2,860 ಲೀಟರ್ ನೀರು ಬೇಕು. ಈಗ ಮೆಕ್ಕೆಜೋಳ, ಅಕ್ಕಿಯ ಎಥೆನಾಲೂ ಬಹಳ ಬರುತ್ತಿದೆ. ಆದರೆ ನಮ್ಮೂರಿನ ಅಭಿಮಾನಕ್ಕೆ ಎಲ್ಲವೂ ಕಬ್ಬಿನದೇ ಎಂದಿಟ್ಟುಕೊಳ್ಳಿ. ಒಂದು ಲೀಟರ್ ಇ20ಯಲ್ಲಿ ಇನ್ನೂರು ಮಿಲಿಲೀಟರ್ ಎಥೆನಾಲ್, ಅದರ ಹಿಂದೆ 572 ಲೀಟರ್ ನೀರು. ಪೆಟ್ರೋಲಿನಲ್ಲಿ ಅರವತ್ತು ಕೊಡುವ ಗಾಡಿ ನೀರಿನಲ್ಲಿ ಲೀಟರಿಗೆ ಕೊಡುವುದು 105 ಮೀಟರ್. ಬೇಸಿಗೆಯಲ್ಲಿ ಬೋರಿನ ನೀರಿಗಾಗಿ ಹೊಲಕ್ಕೆ ಪದೇ ಪದೇ ಗಾಡಿ ಓಡಿಸಿ, ಕರೆಂಟ್ ಬಂತೇ ಎಂದು ನೋಡಿ ಬರುವವನು ಹೋಗುತ್ತ ಬರುತ್ತ ಎಷ್ಟು ನೀರು ಸುಡುತ್ತಾನೆಂಬುದು ಮುಂದಿನ ಸಂಶೋಧಕರಿಗೆ ಬಿಟ್ಟ ವಿಷಯ.

ಪರದೇಶದ ಮತಗಳನ್ನೂ ಉಲ್ಲೇಖಿಸದಿದ್ದರೆ ಗ್ರಂಥಕ್ಕೆ ಘನತೆ ಬರುವುದಿಲ್ಲ. 1939ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಶೆಲ್ ಕಂಪನಿಯ ವಿಜ್ಞಾನಿಗಳು ಯಾರ ಗಾಡಿ ಹೆಚ್ಚು ಆವರೇಜ್ ಕೊಡುತ್ತದೆಂದು ತಮ್ಮತಮ್ಮಲ್ಲೇ ಪಣ ಕಟ್ಟಿದರು. ಅದೇ ಮುಂದೆ ದೊಡ್ಡ ಸ್ಪರ್ಧೆಯಾಯಿತು. 2005ರಲ್ಲಿ ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್‌ನವರ ಪ್ಯಾಕ್-ಕಾರ್ ಎಂಬ ಹೈಡ್ರೋಜನ್ ಗಾಡಿ ಒಂದು ಲೀಟರ್ ಪೆಟ್ರೋಲಿನ ಶಕ್ತಿಗೆ ಸಮನಾದ ಇಂಧನದಲ್ಲಿ 5,385 ಕಿಲೋಮೀಟರಿನ ದಾಖಲೆ ಮಾಡಿತು. ತೂಕ ಮೂವತ್ತು ಕೆಜಿಯ ಆಸುಪಾಸು. ಓಡಿಸುವವರು ಒಳಗೆ ಮಲಗಿಕೊಂಡೇ ಓಡಿಸಬೇಕು. ಇದನ್ನು ಕಟ್ಟೆಯಲ್ಲಿ ಓದಿ ಹೇಳಿದಾಗ ಪೂರ್ವಪಕ್ಷಿ ಚಹಾದ ಕಪ್ಪು ಕೆಳಗಿಟ್ಟು, ಬಹಳ ಹೊತ್ತು ವಿಚಾರ ಮಾಡಿ ಕೇಳಿದ್ದು:

‘ಹಿಂದ ಮೇವು ಕಟ್ಟಾಕ ಕ್ಯಾರಿಯರ್ ಐತೇನ್ರಿ ಅದಕ್ಕ?’