ಸ್ಪಿಟ್‌ಫೈರಿನ ಮಡಿ

ವೇಗವೆಂಬುದು ಎಲ್ಲಿ ಸರ್ವಥಾ ನಿರುಪಯುಕ್ತವೋ ಅಲ್ಲಿಯೇ ಅದರ ಪರಮೋಪಾಸಕರು ಜನಿಸುತ್ತಾರೆಂಬುದಕ್ಕೆ ಮಾಳಮಡ್ಡಿಯ ನಮ್ಮ ಸೋದರಮಾವನವರೇ ಜೀವಂತ ಪ್ರಮಾಣ. ಉತ್ತರಾದಿ ಮಠವೂ ಕೆ.ಇ. ಬೋರ್ಡಿನ ಶಾಲೆಯೂ ಇರುವ, ಧಾರವಾಡ ನಿಲ್ದಾಣದ ರೈಲಿನ ಸೀಟಿ ಕೇಳಿಸುವಷ್ಟು ಸಮೀಪದ ಈ ಭಾಗದಲ್ಲಿ ಯಾರಾದರೂ ಭರದಿಂದ ನಡೆದರೆ, ಪಾಪ, ಮನೆಯಲ್ಲಿ ಯಾರಿಗೆ ಏನಾಗಿದೆಯೋ ಎಂದು ಕಿಟಕಿಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ. ಅಂಥ ಊರಿನಿಂದ ಯೌವನದಲ್ಲಿ ಇಂಗ್ಲೆಂಡಿಗೆ ಹೋಗಿ ಯಂತ್ರಶಾಸ್ತ್ರವನ್ನು ಅಭ್ಯಾಸ ಮಾಡಿದ ಮಾಮಾ, ಸಹಪಾಠಿಗಳೆಲ್ಲ ಉಣ್ಣೆಯ ಕೋಟು, ಕೈಗಡಿಯಾರ ಮೊದಲಾದ ನಿರುಪದ್ರವಿ ವಸ್ತುಗಳೊಡನೆ ಮರಳಿದರೆ, ತಾವು ಮಾತ್ರ ಯುದ್ಧವಿಮಾನದ ನಾಮಧೇಯವನ್ನು ಹೊತ್ತ, ಇಬ್ಬರಿಗಷ್ಟೇ ಆಸನವುಳ್ಳ, 1964ರ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಕೆಂಪು ಕಾರನ್ನು ಹಡಗಿನಲ್ಲಿ ಮುಂಬಯಿಗೆ ತಂದಿಳಿಸಿದರು. ಗಂಟೆಗೆ 90 ಮೈಲು ಓಡಬಲ್ಲ ಆ ವಾಹನ ಮಾಳಮಡ್ಡಿಯಲ್ಲಿ 20ನ್ನು ಮೀರಿದ್ದನ್ನು ಕಂಡವರಿಲ್ಲ.

ಹಾಗೆಂದು ಅದು ನಮ್ಮ ಸೀಮೆಗೆ ಕೇವಲ ಪರಕೀಯವೂ ಅಲ್ಲ. 1962ರಲ್ಲಿ ಲಂಡನ್ನಿನ ಮೋಟಾರು ಪ್ರದರ್ಶನದಲ್ಲಿ ಬೆಳಕು ಕಂಡ ಈ ಕಾರಿಗೆ ರೂಪ ಕೊಟ್ಟ ಇಟಲಿಯ ಜೊವಾನ್ನಿ ಮಿಕೆಲೊಟ್ಟಿಯೇ ಅದಕ್ಕೂ ಮೊದಲು ಹೆರಾಲ್ಡ್ ಕಾರನ್ನು ರೂಪಿಸಿದವನು. ಆ ಹೆರಾಲ್ಡಿನ ಚಾಸಿಯನ್ನೇ ಮೋಟುಗೊಳಿಸಿ ಇದನ್ನು ಕಟ್ಟಿದರು. ಅದೇ ಹೆರಾಲ್ಡು ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಎಂಬ ಹೆಸರಿನಿಂದ ತಯಾರಾಗಿ ನಮ್ಮ ವಕೀಲರನ್ನೂ ವೈದ್ಯರನ್ನೂ ಬಹುಕಾಲ ಹೊತ್ತು ತಿರುಗಿತು. ಆದಕಾರಣ ಸಣ್ಣಪುಟ್ಟ ಬಿಡಿಭಾಗಗಳಿಗೆ ಮಾಮಾ ಎಂದೂ ಪರದಾಡಿದವರಲ್ಲ. ಆದರೆ ನಮ್ಮ ಹೆರಾಲ್ಡುಗಳಿಗಿದ್ದದ್ದು ಡ್ರಮ್ ಬ್ರೇಕು. ಸ್ಪಿಟ್‌ಫೈರಿನ ಮುಂದಿನ ಗಾಲಿಗಳಿಗೆ ಇರುವುದು ಡಿಸ್ಕ್. ದಾಯಾದಿತನ ಅಲ್ಲಿಗೆ ಮುಗಿಯುತ್ತದೆ, ಕಷ್ಟ ಅಲ್ಲಿಂದ ಆರಂಭವಾಗುತ್ತದೆ.

ಧಾರವಾಡದ ಮಳೆಗಾಲದ ತೇವದಲ್ಲಿ ಬಹುಕಾಲ ನಿಂತೇ ಇದ್ದ ಕಾರಿನ ಬಲಗಡೆಯ ಬ್ರೇಕಿನ ಪಿಸ್ಟನ್ನು ತುಕ್ಕು ಹಿಡಿದು ಸ್ಥಾವರವಾದದ್ದರಿಂದ, ಮಾಮಾ ಪೆಡಲನ್ನು ಒತ್ತಿದಾಗಲೆಲ್ಲ ಎಡಗಾಲಿ ಮಾತ್ರ ನಿಂತು, ಕಾರು ವಿನಯದಿಂದ ಎಡಕ್ಕೆ ತಿರುಗಿ, ಆ ಕ್ಷಣದಲ್ಲಿ ಯಾರ ಮನೆ ಇದೆಯೋ ಅವರ ಗೇಟಿನತ್ತ ಮುಖ ಮಾಡುತ್ತಿತ್ತು. ಇದು ಯಂತ್ರದೋಷವೆಂದು ತಿಳಿಯದ ಸಜ್ಜನರು ಅತಿಥಿ ಬಂದರೆಂದೇ ಭಾವಿಸಿ, ‘ಬರ್ರಿ ಬರ್ರಿ, ಭಾಳ ದಿನಾ ಆತು’ ಎಂದು ಬಾಗಿಲು ತೆರೆಯುವರು; ನಿಜವನ್ನು ಹೇಳಿ ಅವರ ಸಂತೋಷವನ್ನು ಕೆಡಿಸುವುದು ಮಾಮಾನ ಸ್ವಭಾವಕ್ಕೆ ಒಗ್ಗದು. ಹೀಗೆ ಅಂಚೆ ಕಚೇರಿಗೆಂದು ಹೊರಟವರು ಚಹಾ, ಅವಲಕ್ಕಿ, ಪುನಃ ಚಹಾ ಎಂಬ ಕ್ರಮದಲ್ಲಿ ಅಪರಾಹ್ನಕ್ಕೆ ಮನೆ ಸೇರತೊಡಗಿದಾಗ ಮಾಮಿ ಬ್ರೇಕಿನ ಜೀರ್ಣೋದ್ಧಾರಕ್ಕೆ ಅಪ್ಪಣೆ ಕೊಟ್ಟರು.

ಮಾಮಾ ಯಾವ ಕೆಲಸವನ್ನೂ ಅದರ ಇತಿಹಾಸದಿಂದ ಆರಂಭಿಸುವವರು. ಹುಬ್ಬಳ್ಳಿಯಿಂದ ಬಂದ ಮಿಸ್ತ್ರಿ ಪಾನಾಗಳನ್ನು ಹರವಿಕೊಂಡು ಕುಳಿತರೆ, ಅವನಿಗೆ ಮೊದಲು ದೊರೆತದ್ದು 1902ರಲ್ಲಿ ಬರ್ಮಿಂಗ್‌ಹ್ಯಾಮಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟು ಪಡೆದ ವೃತ್ತಾಂತ: ಅವನ ತಾಮ್ರದ ಪ್ಯಾಡುಗಳು ಲೋಹದ ತಟ್ಟೆಯನ್ನು ಉಜ್ಜಿ ಎಬ್ಬಿಸುತ್ತಿದ್ದ ಚೀತ್ಕಾರ, ಬಳಿಕ ಜನ ಅದನ್ನು ಮರೆತದ್ದು, ಕಡೆಗೆ 1953ರ ಲ ಮಾನ್ ಪಂದ್ಯದಲ್ಲಿ ಡಿಸ್ಕ್ ಬ್ರೇಕಿನ ಜಾಗ್ವಾರ್ ಕಾರಿನಲ್ಲಿ ರೋಲ್ಟ್ ಮತ್ತು ಹ್ಯಾಮಿಲ್ಟನ್ ಇಪ್ಪತ್ನಾಲ್ಕು ಗಂಟೆಗಳ ಕಾಲ ಗಂಟೆಗೆ ಸರಾಸರಿ 100 ಮೈಲನ್ನು ಮೀರಿ ಓಡಿಸಿ ಗೆದ್ದದ್ದು. ಡ್ರಮ್ಮಿನೊಳಗೆ ಹುಟ್ಟಿದ ಶಾಖಕ್ಕೆ ಹೊರದಾರಿಯಿಲ್ಲ. ಕಾದ ಡ್ರಮ್ಮು ಹಿಗ್ಗಿ ಬ್ರೇಕಿನ ಶೂಗಳಿಂದ ದೂರ ಸರಿಯುತ್ತದೆ. ಡಿಸ್ಕಾದರೋ ಬಯಲಲ್ಲಿ ನಿಂತು ಗಾಳಿಗೆ ಮೈಯೊಡ್ಡುತ್ತದೆ ಎಂದು ಮಾಮಾ ಉಪಸಂಹಾರ ಮಾಡುವಷ್ಟರಲ್ಲಿ ಮಿಸ್ತ್ರಿ ಎರಡೂ ಗಾಲಿಗಳನ್ನು ಬಿಚ್ಚಿ, ಹಳೆಯ ಪ್ಯಾಡಿನ ಧೂಳಿನಲ್ಲಿ ಆಸ್ಬೆಸ್ಟಾಸ್ ಇದ್ದೀತೆಂದು ಒದ್ದೆ ಅರಿವೆಯಿಂದ ಒರೆಸಿ, ಕ್ಯಾಲಿಪರುಗಳನ್ನು ಕೈಗೆ ತೆಗೆದುಕೊಂಡಿದ್ದ. ‘ಸಾಹೇಬ್ರ, ಓಡಸೂದಕ್ಕ ಇಷ್ಟ ಕತಿ ಇಲ್ಲ ನೋಡ್ರಿ, ನಿಲ್ಲಸೂದಕ್ಕ ಎಷ್ಟ ಅದ!’

ಸಿಕ್ಕಿಬಿದ್ದ ಪಿಸ್ಟನ್ನನ್ನು ಹೊರಡಿಸಲು ಒತ್ತಡದ ಗಾಳಿ ಬೇಕು. ಅದು ಇರುವುದು ಪಂಕ್ಚರ್ ಅಂಗಡಿಯಲ್ಲಿ. ಕ್ಯಾಲಿಪರನ್ನು ಕಾಯಿಪಲ್ಯೆಯ ಚೀಲದಲ್ಲಿಟ್ಟು ಹೊತ್ತು ನಡೆದ ನನ್ನನ್ನು ದಾರಿಯಲ್ಲಿ ವಿಚಾರಿಸದವರಿಲ್ಲ. ಚೀಲದ ಭಾರವನ್ನು ನೋಡಿ ಒಬ್ಬ ಹಿರಿಯರು ಸುವರ್ಣಗಡ್ಡೆಯ ದರ ಕೇಳಿದರು. ಅಂಗಡಿಯಲ್ಲಿ ಮಿಸ್ತ್ರಿ ಪಿಸ್ಟನ್ನಿನೆದುರು ಕಟ್ಟಿಗೆಯ ತುಂಡನ್ನಿಟ್ಟು ಗಾಳಿ ಬಿಟ್ಟದ್ದೇ ತಡ, ವರ್ಷಾಂತರಗಳ ಮೌನವನ್ನು ಒಂದೇ ಏಟಿಗೆ ಮುರಿಯುವ ಸ್ಫೋಟದೊಡನೆ ಅದು ಹೊರಬಂದು ಕಟ್ಟಿಗೆಗೆ ಅಪ್ಪಳಿಸಿತು. ಕ್ರೋಮ್ ಲೇಪ ಎದ್ದು, ಮೈತುಂಬ ತುಕ್ಕಿನ ಕುಳಿ. ಅದರ ಅಳತೆಗೆ ಸ್ಟೇನ್‌ಲೆಸ್ ಉಕ್ಕಿನಲ್ಲಿ ಹೊಸ ಪಿಸ್ಟನ್ನುಗಳನ್ನು ಮಾಡಿಸಲು ಮಾಮಾ ಬೆಳಗಾವಿಯ ಉದ್ಯಮಬಾಗಕ್ಕೆ ಹೋದರು. ಎರಕದ ಕುಲುಮೆಗಳೂ ಲೇತುಗಳೂ ಸಾಲುಗಟ್ಟಿರುವ ಆ ಪ್ರದೇಶದಿಂದ ಅವರು ಹಿಂದಿರುಗಿದಾಗ ಅವರ ಮುಖದಲ್ಲಿದ್ದ ಪ್ರಸನ್ನತೆಯನ್ನು ನಾನು ಕಾಶಿಯಿಂದ ಬಂದವರಲ್ಲಿಯೂ ಕಂಡಿಲ್ಲ.

ನಿಜವಾದ ಶಾಸ್ತ್ರ ಇನ್ನು ಮುಂದೆ. ಪಿಸ್ಟನ್ನನ್ನು ಸುತ್ತಿಕೊಂಡಿರುವ, ಚೌಕ ಅಂಚಿನ ರಬ್ಬರ್ ಸೀಲು ಇಡೀ ಬ್ರೇಕಿನ ಪ್ರಾಣ: ಪಿಸ್ಟನ್ನು ಮುಂದೆ ಸರಿದಾಗ ತಾನೂ ಕಿಂಚಿತ್ತು ಹೊರಳಿ, ಪೆಡಲಿನಿಂದ ಕಾಲು ತೆಗೆದೊಡನೆ ಸ್ವಸ್ಥಾನಕ್ಕೆ ಮರಳುತ್ತ, ಪಿಸ್ಟನ್ನನ್ನೂ ಕೂದಲೆಳೆಯಷ್ಟು ಹಿಂದಕ್ಕೆ ಸೆಳೆಯುತ್ತದೆ. ಇಂಗ್ಲೆಂಡಿನಿಂದ ಅಂಚೆಯಲ್ಲಿ ಬಂದ ಈ ಸೀಲುಗಳನ್ನು ಮಿಸ್ತ್ರಿ ವಾಡಿಕೆಯಂತೆ ಚಿಮಣಿ ಎಣ್ಣೆಯ ಅರಿವೆಯಿಂದ ಒರೆಸಲು ಹೊರಟಾಗ ಮಾಮಾ ಕೂಗಿದ ಕೂಗಿಗೆ ಮಾಮಿ ಅಡಿಗೆಮನೆಯಿಂದ ಓಡಿಬಂದರು. ಚಿಮಣಿ ಎಣ್ಣೆ, ಪೆಟ್ರೋಲು, ಎಂಜಿನ್ ಆಯಿಲು, ಯಾವುದು ತಗುಲಿದರೂ ಈ ರಬ್ಬರು ಉಬ್ಬಿ ಕೆಡುತ್ತದೆ. ಬ್ರೇಕ್ ಆಯಿಲನ್ನು ಬಿಟ್ಟು ಬೇರೇನೂ ಸೋಕಕೂಡದು. ಆ ಆಯಿಲೂ ಗಾಳಿಯಲ್ಲಿನ ತೇವವನ್ನು ಹೀರುವಂಥದು. ಹೊಸದಾಗಿದ್ದಾಗ 230 ಡಿಗ್ರಿಗೂ ಕುದಿಯದ ಡಾಟ್ 4 ಆಯಿಲು ನೂರಕ್ಕೆ ನಾಲ್ಕು ಪಾಲಿನಷ್ಟು ನೀರನ್ನು ಕುಡಿದರೆ 155ರ ಸುಮಾರಿಗೇ ಕುದಿಯತೊಡಗುತ್ತದೆ. ಆದ್ದರಿಂದ ಬಾಯಿ ತೆರೆದಿಟ್ಟ ಹಳೆಯ ಡಬ್ಬಿಯನ್ನು ಮರಳಿ ಬಳಸಲಾಗದು ಎಂದು ಮಾಮಾ ವಿವರಿಸಿದರು. ಮಿಸ್ತ್ರಿ ತಲೆ ಕೆರೆದುಕೊಂಡ. ಮಾಮಿಗೆ ಕ್ಷಣಾರ್ಧದಲ್ಲಿ ಅರ್ಥವಾಯಿತು.

‘ಮಡಿ ಅನ್ರಿ, ಅದಕ್ಕಿಷ್ಟ ಪುರಾಣ ಯಾಕ!’

ಅಲ್ಲಿಂದ ಮುಂದಿನ ವಿಧಿಯೆಲ್ಲ ಮಾಮಿಯ ಅಧೀನವಾಯಿತು. ಪಡಸಾಲೆಯನ್ನು ಸಾರಿಸಿ, ಹೊಸ ಬಿಳಿಯ ಅರಿವೆಯನ್ನು ಹಾಸಿ, ಬಂದುಹೋಗುವವರು ದಾಟಕೂಡದ ಗೆರೆಯನ್ನು ರಂಗೋಲಿಯಿಂದಲೇ ಎಳೆದರು. ಮುಟ್ಟಿದ್ದೇನು, ತಟ್ಟಿದ್ದೇನು ಎಂಬ ಸೂಕ್ಷ್ಮಗಳಲ್ಲಿ ಅರ್ಧ ಶತಮಾನದ ಅನುಭವವಿದ್ದ ಅವರಿಗೆ, ಸೀಲಿಗೆ ಯಾವುದು ಮೈಲಿಗೆ ಎಂಬುದನ್ನು ಎರಡನೆಯ ಸಲ ಹೇಳಬೇಕಾಗಲಿಲ್ಲ. ಸಂಜೆಯ ಹೊತ್ತಿಗೆ ಮಿಸ್ತ್ರಿಯೇ ಪರಮ ನಿಷ್ಠಾವಂತನಾಗಿ, ‘ಸಾಹೇಬ್ರ, ದೂರ ಸರೀರಿ, ಚಾ ಕುಡದ ಕೈ ಅದ ನಿಮ್ಮದು’ ಎಂದು ಮಾಮಾನನ್ನು ಗೆರೆಯಾಚೆ ನಿಲ್ಲಿಸಿದ. ಇಂಗ್ಲೆಂಡಿನಲ್ಲಿ ಕಲಿತ ಯಂತ್ರಶಾಸ್ತ್ರ ಬಾಗಿಲಲ್ಲಿ ನಿಂತು ಇಣುಕಿತು.

ಕೊನೆಯದು ಏರ್ ತೆಗೆಯುವ ಕ್ರಿಯೆ. ಆಯಿಲು ಒತ್ತಿದರೆ ಕುಗ್ಗದು, ಗಾಳಿ ಕುಗ್ಗುತ್ತದೆ. ಕೊಳವೆಯಲ್ಲಿ ಒಂದು ಗುಳ್ಳೆ ಉಳಿದರೂ ಕಾಲಿನ ಶ್ರಮವೆಲ್ಲ ಅದರ ಪಾಲು. ಒಬ್ಬರು ಪೆಡಲನ್ನು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಗಾಲಿಯ ಬಳಿ ನಿಪ್ಪಲನ್ನು ಸಡಲಿಸಿ ಗುಳ್ಳೆಗಳನ್ನು ಹೊರಬಿಟ್ಟು ಬಿಗಿಯಬೇಕು. ಅತ್ಯಂತ ದೂರದ ಹಿಂದಿನ ಎಡಗಾಲಿಯಿಂದ ಮೊದಲಾಗಿ ನಾಲ್ಕಕ್ಕೂ ಇದೇ ಸಂಸ್ಕಾರ. ಮದುವೆಯಾದಂದಿನಿಂದ ಎಡಗಡೆಯ ಆಸನದಲ್ಲಿಯೇ ಕುಳಿತ ಮಾಮಿ ಅಂದು ಪ್ರಥಮತಃ ಚಾಲಕರ ಸ್ಥಾನವನ್ನು ಅಲಂಕರಿಸಿ, ಮಿಸ್ತ್ರಿಯ ‘ಒತ್ರಿ ಬಾಯಾರ… ಹಿಡೀರಿ… ಬಿಡ್ರಿ’ ಎಂಬ ಮಂತ್ರಕ್ಕೆ ಒಂದಿಷ್ಟೂ ತಪ್ಪದೆ ಕಾಲು ಆಡಿಸಿದರು. ಪೆಡಲು ಕಲ್ಲಿನಂತೆ ಗಟ್ಟಿಯಾಯಿತು.

ಶನಿವಾರ ಮೂವರೂ ನುಗ್ಗಿಕೇರಿಯ ಹನುಮಂತದೇವರಿಗೆ ಹೊರಟೆವು, ಮಾಮಾ ಮಾಮಿ ಕಾರಿನಲ್ಲಿ, ನಾನು ಹಿಂದೆ ಸ್ಕೂಟರಿನಲ್ಲಿ. ಎಲ್ಲಿ ಒತ್ತಿದರೂ ಕಾರು ಯಾರ ಮನೆಯತ್ತಲೂ ತಿರುಗದೆ ನೇರ ನಿಂತಿತು. ಬಾಗಿಲು ತೆರೆದವರಿಗೆ ನಿರಾಶೆಯಾಯಿತು. ಗುಡಿಯ ಬಳಿ ಇಳಿಜಾರಿನಲ್ಲಿ ನಿಲ್ಲಿಸಿದಾಗ ಮಾತ್ರ, ಕೈಬ್ರೇಕು ಹಿಡಿಯುವುದು ಹಿಂದಿನ ಡ್ರಮ್ಮುಗಳನ್ನೆಂಬುದೂ, ಆ ಡ್ರಮ್ಮುಗಳನ್ನು ಮಾಮಾ ತುಚ್ಛವೆಂದು ಬಿಚ್ಚಿಯೇ ಇರಲಿಲ್ಲವೆಂಬುದೂ ಕಾರು ಮೆಲ್ಲಗೆ ಜಾರತೊಡಗಿದ್ದರಿಂದ ಪ್ರಕಟವಾಯಿತು. ಗೇರಿನಲ್ಲಿಟ್ಟು ಬಿಡುವುದು ಯಂತ್ರಕ್ಕೆ ಅಪಚಾರ, ಗಾಲಿಗೆ ಕಲ್ಲು ಕೊಡುವುದು ಲಾರಿಯವರ ಪದ್ಧತಿ ಎಂಬುದು ಮಾಮಾನ ಸಿದ್ಧಾಂತ. ಆದ್ದರಿಂದ ಮಾಮಿ ಬಲಕ್ಕೆ ಸರಿದು ಪೆಡಲನ್ನು ಒತ್ತಿ ಹಿಡಿದು ಕುಳಿತರು, ಮಾಮಾ ದರ್ಶನಕ್ಕೆ ಹೋದರು. ನಾನು ತೀರ್ಥ ತಂದಾಗ ಮಾಮಿ ತಡೆಯೆಂದು ಸನ್ನೆ ಮಾಡಿ, ಎಡಗಾಲಿನಿಂದ ಪೆಡಲನ್ನು ಅದುಮಿ ಬಲಗಾಲಿನ ಚಪ್ಪಲಿಯನ್ನು ಕಳಚಿದರು. ಬಲಗಾಲಿನಿಂದ ಅದುಮಿ ಎಡಗಾಲಿನದನ್ನು ಕಳಚಿದರು. ಕಾರು ಒಂದು ಅಂಗುಲವೂ ಕದಲಲಿಲ್ಲ. ತೀರ್ಥ ತೆಗೆದುಕೊಂಡು, ಕೈಯನ್ನು ತಲೆಗೆ ಒರೆಸಿಕೊಂಡು, ಗುಡಿಯಿಂದ ಬರುತ್ತಿದ್ದ ಮಾಮಾನಿಗೆ ಕೇಳುವಂತೆ ಹೇಳಿದರು: ‘ನಿಮ್ಮ ಮಾಮಾಗ ಹೇಳು, ಮುಂದಿನ ಶನಿವಾರದೊಳಗ ಹಿಂದಿಂದೂ ಬಿಚ್ಚಲಿ. ಇಲ್ಲಾಂದ್ರ ಅವರು ಇಲ್ಲಿ ಕೂಡಲಿ, ನಾ ಒಳಗ ಹೋಗ್ತೀನಿ.’