ನಿಂತುಣ್ಣುವವರ ಮೀಮಾಂಸೆ

ಸ್ಪೇನಿನ ಸೆವಿಯಾ ನಗರದ ತಾಪಾಸ್ ಬಾರಿನಲ್ಲಿ ಕೂತು ತಿನ್ನಬೇಕೆ, ನಿಂತು ತಿನ್ನಬೇಕೆ? ಇದೇ ಪ್ರಸ್ತುತ ಅಧಿಕರಣದ ಸಂಶಯ. ಕೂರಬೇಕೆಂಬುದು ಪೂರ್ವಪಕ್ಷ, ಮಂಡಿನೋವಿನವರೂ ಪ್ರವಾಸಿಗಳೂ ಇದನ್ನು ಬಲವಾಗಿ ಮಂಡಿಸುತ್ತಾರೆ. ಸಿದ್ಧಾಂತಿಗಳ ಉತ್ತರ ಹೀಗಿದೆ: ಕೂತವನು ಏಳುವುದಿಲ್ಲ, ಏಳದವನು ಮುಂದಿನ ಬಾರಿಗೆ ಹೋಗುವುದಿಲ್ಲ, ಹೋಗದವನು ತಿಂದದ್ದು ಊಟವಾದೀತೇ ಹೊರತು ತಾಪಾಸ್ ಆಗದು. ಅಂಗೈಯಗಲದ ತಟ್ಟೆಯಲ್ಲಿ ನಾಲ್ಕು ತುತ್ತು, ಪಕ್ಕದಲ್ಲಿ ಚಿಕ್ಕ ಲೋಟದ ಬಿಯರು ಅಥವಾ ಹೆರೆಸ್ ಸೀಮೆಯ ವೈನು. ಮುಗಿಸಿ ಬೀದಿಗಿಳಿಯುವುದು ವಿಧಿ. ಹೊರಗಿನ ಮೇಜಿಗೆ ಕೂತರೆ ಅದೇ ತಟ್ಟೆಗೆ ಹೆಚ್ಚು ಹಣ ಕೇಳುವ ಬಾರುಗಳು ಎಷ್ಟೋ ಇರುವುದರಿಂದ ಸಿದ್ಧಾಂತಕ್ಕೆ ಜೇಬಿನ ಬೆಂಬಲವೂ ಉಂಟು.

ಈ ಸಂಪ್ರದಾಯದ ಮೂಲಪುರುಷ ಅಲ್ಫೋನ್ಸೋ ಎಂಬ ರಾಜ. ಯಾವ ಅಲ್ಫೋನ್ಸೋ ಎಂಬಲ್ಲಿ ಮಾತ್ರ ವಿದ್ವಾಂಸರಿಗೆ ಆರು ನೂರು ವರ್ಷಗಳ ಭಿನ್ನಾಭಿಪ್ರಾಯ. 13ನೇ ಶತಮಾನದ ಹತ್ತನೆಯ ಅಲ್ಫೋನ್ಸೋ ಕಾಯಿಲೆ ಬಿದ್ದಾಗ ವೈನಿನ ಜೊತೆ ಒಂದೊಂದೇ ತುತ್ತು ತಿಂದು ಗುಣವಾದನೆಂದು ಕೆಲವರು. ಹದಿಮೂರನೆಯ ಅಲ್ಫೋನ್ಸೋ ಕಾದೀಸ್ ಕಡಲತೀರದಲ್ಲಿ ಕುಡಿಯುವಾಗ ಮರಳು ಬೀಳದಂತೆ ಯಾರೋ ಲೋಟದ ಮೇಲೆ ಹಂದಿಮಾಂಸದ ಹೋಳು ಮುಚ್ಚಿದರೆಂದು ಇನ್ನು ಕೆಲವರು. ಎರಡಕ್ಕೂ ಆಧಾರವಿಲ್ಲದ್ದರಿಂದ ಎರಡನ್ನೂ ಅಲ್ಲಗಳೆಯಲು ಯಾರಿಂದಲೂ ಆಗಿಲ್ಲ.

ಇನ್ನು ಶಾಸನಶಾಸ್ತ್ರ. 1670ರಷ್ಟು ಹಳೆಯದೆನ್ನುವ ಎಲ್ ರಿಂಕೊನ್ಸಿಯೋ ಬಾರಿನಲ್ಲಿ ಬಿಲ್ಲನ್ನು ಮರದ ಕೌಂಟರಿನ ಮೇಲೆ, ಗಿರಾಕಿಯ ಮೊಣಕೈ ಪಕ್ಕದಲ್ಲೇ, ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳನ್ನು ತಿರುವಿಹಾಕಿದ ಕನ್ನಡಿಗನಿಗೆ ಇಲ್ಲಿ ಕೆಲಸವಿದೆ. ಕ್ಷೇತ್ರವರದಿ ಇಂತಿದೆ. ಲಿಪಿ: ಅಂಕಿ ಮಾತ್ರ. ವಿಷಯ: ದಾನವಲ್ಲ, ಸಾಲ. ಕಾಲ: ಗಿರಾಕಿ ಜೇಬಿಗೆ ಕೈ ಹಾಕುವವರೆಗೆ. ಸ್ಥಿತಿ: ಬಿಯರು ಚೆಲ್ಲಿ ಎರಡನೆಯ ಸಾಲು ತ್ರುಟಿತ. ನಮ್ಮ ಶಾಸನಗಳನ್ನು ಅಳಿಸಿದವನಿಗೆ ಗಂಗೆಯ ತಡಿಯಲ್ಲಿ ಕವಿಲೆಯನ್ನು ಕೊಂದ ಪಾಪವಿದೆ. ಇಲ್ಲಿ ಹಣ ಕೊಟ್ಟ ಮೇಲೂ ಅಳಿಸದಿದ್ದರೆ ಪಾಪ. ಕೂಡುವುದು, ಒರೆಸುವುದು ಎರಡೂ ಪರಿಚಾರಕನ ಒಂದೇ ಕೈಯಲ್ಲಿವೆ. ಒದ್ದೆ ಬಟ್ಟೆ ಒಮ್ಮೆ ಆಡಿದರೆ ಮೂಲಪಾಠ, ಪಾಠಾಂತರ, ಸಾಕ್ಷ್ಯ ಎಲ್ಲ ಒಟ್ಟಿಗೆ ನಾಶ. ಆದರೂ ಲೆಕ್ಕದ ಜಗಳ ಹುಟ್ಟದಿರುವುದು ಸಂಶೋಧಕರಿಗೆ ಬೇಸರದ ಸಂಗತಿ.

ಹೊಗೆಯಿಂದ ಬೆಂಕಿಯನ್ನು ಊಹಿಸುವುದು ತರ್ಕಶಾಸ್ತ್ರದ ಹಳೆಯ ಉದಾಹರಣೆ. ಸ್ಪೇನಿನ ಬಾರುಗಳಲ್ಲಿ 2011ರ ಜನವರಿ 2ರಿಂದ ಧೂಮಪಾನ ನಿಷೇಧವಾದದ್ದರಿಂದ ನೈಯಾಯಿಕರಿಗೆ ಉಳಿದಿರುವುದು ನೆಲದ ಮೇಲಿನ ಕಸ ಮಾತ್ರ. ಒರೆಸಿದ ಕಾಗದ, ಸಿಗಡಿಯ ಸಿಪ್ಪೆ, ಆಲಿವ್ ಬೀಜವನ್ನು ಕಾಲಡಿಗೆ ಬೀಳಿಸುವುದು ಹಳೆಯ ಬಾರುಗಳ ಪದ್ಧತಿ; ಈಗೀಗ ಕಡಿಮೆಯಾಗುತ್ತಿದೆ. ಕಸ ಹೆಚ್ಚಿದ್ದಲ್ಲಿ ತಿಂದವರು ಹೆಚ್ಚು, ತಿಂದವರು ಹೆಚ್ಚಿದ್ದಲ್ಲಿ ಸಿಗಡಿ ಚೆನ್ನ ಎಂಬುದು ಅನುಮಾನ. ಗುಡಿಸದ ಮಾಲೀಕನ ಬಾರಿನಲ್ಲೂ ಕಸವಿರುತ್ತದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಕಸ ಇವತ್ತಿನದೋ ನಿನ್ನೆಯದೋ ಎಂದು ನೋಡಲು ಬಗ್ಗಬೇಕು. ಬಗ್ಗಿದರೆ ಕೌಂಟರಿನಲ್ಲಿ ನಿಂತ ಜಾಗ ಹೋಗುತ್ತದೆ. ಹೀಗಾಗಿ ಈ ಪ್ರಮಾಣವನ್ನು ಯಾರೂ ಪರೀಕ್ಷಿಸಿಲ್ಲ. ಅಂದಹಾಗೆ, ಆ ಕಾಗದದ ಮೇಲೆ ಭೇಟಿಗೆ ಧನ್ಯವಾದ ಎಂದು ಅಚ್ಚು ಹಾಕಿರುತ್ತಾರೆ. ನುಣುಪಾದ ಆ ತೆಳುಹಾಳೆ ಕೈಯ ಎಣ್ಣೆಯನ್ನು ಹೀರುವುದಿಲ್ಲ, ಹತ್ತೂ ಬೆರಳಿಗೆ ಸಮನಾಗಿ ಹಂಚುತ್ತದೆ.

ಮತಭೇದಗಳಲ್ಲಿ ಘೋರವಾದದ್ದು ತೋರ್ತಿಯಾದ್ದು, ಅಂದರೆ ಆಲೂಗಡ್ಡೆ ಹಾಕಿದ ದಪ್ಪ ಆಮ್ಲೆಟ್ಟಿನದ್ದು. ಆಲೂಗಡ್ಡೆ, ಮೊಟ್ಟೆ ಎಂಬ ಎರಡೇ ತತ್ತ್ವಗಳನ್ನು ಒಪ್ಪುವವರು ದ್ವೈತಿಗಳು. ಈರುಳ್ಳಿ ಎಂಬ ವಿಶೇಷಣವನ್ನೂ ಸೇರಿಸುವವರು ವಿಶಿಷ್ಟಾದ್ವೈತಿಗಳು. ಗಾಲಿಸಿಯಾದ ಬೆತಾನ್ಸೋಸ್ ಊರಿನವರು ಈರುಳ್ಳಿಯನ್ನು ನಿರಾಕರಿಸಿ, ಕೊಯ್ದಾಗ ಮೊಟ್ಟೆ ಹರಿಯಬೇಕೆನ್ನುತ್ತಾರೆ. ಅವರಿಗೆ ತೋರ್ತಿಯಾದ ಆಕಾರವೇ ಮಿಥ್ಯೆ. ಪ್ರಸ್ತುತ ಲೇಖಕ ಈರುಳ್ಳಿಯ ಪಕ್ಷ. ಕಾರಣ ಕೇಳಬಾರದು.

ಕರ್ಮಸಿದ್ಧಾಂತಕ್ಕೆ ಅದೇ ಗಾಲಿಸಿಯಾದ ಪಾದ್ರೋನ್ ಮೆಣಸಿನಕಾಯಿ ಸಾಕು. ಎಣ್ಣೆಯಲ್ಲಿ ಬಾಡಿಸಿ ಕಲ್ಲುಪ್ಪು ಉದುರಿಸಿದ ಹಸಿರು ಕಾಯಿಗಳು. ಬಹುಪಾಲು ಸಪ್ಪೆ, ಎಲ್ಲೋ ಒಂದು ಖಾರ. ಅಮೆರಿಕ ಖಂಡದಿಂದ ಹಡಗಿನಲ್ಲಿ ಬಂದ ಇದೂ ನಮ್ಮ ಬ್ಯಾಡಗಿಯೂ ಸಸ್ಯಶಾಸ್ತ್ರದ ಪ್ರಕಾರ ಒಂದೇ ಜಾತಿ. ಖಾರದ್ದು ಸಿಕ್ಕಿದ ಸ್ಪೇನಿನವನು ಲೋಟಕ್ಕೆ ಕೈಚಾಚುತ್ತಾನೆ, ಹಾವೇರಿಯವನು ಇನ್ನೊಂದಕ್ಕೆ.

ಕಾಲನಿರ್ಣಯ ಚಿಕ್ಕದು. ಗ್ರೀನಿಚ್ ರೇಖೆ ತನ್ನ ನೆಲದ ಮೇಲೆಯೇ ಹಾದುಹೋಗಿದ್ದರೂ ಸ್ಪೇನು 1940ರಿಂದ ಬರ್ಲಿನ್ನಿನ ಗಡಿಯಾರ ಕಟ್ಟಿಕೊಂಡಿದೆ. ಸೂರ್ಯನೇ ತಡ, ರಾತ್ರಿಯ ಹಸಿವೂ ಒಂಬತ್ತಕ್ಕೆ ಮುಂಚೆ ಶಾಸ್ತ್ರಸಮ್ಮತವಲ್ಲ.

ಸಸ್ಯಾಹಾರಿ ಓದುಗರಲ್ಲಿ ಒಂದು ವಿಜ್ಞಾಪನೆ. ಸೆವಿಯಾದಲ್ಲಿ ಎಸ್ಪಿನಾಕಾಸ್ ಕೋನ್ ಗಾರ್ಬಾನ್ಸೋಸ್ ಎಂದು ಕೇಳಿ. ಪಾಲಕ್, ಕಾಬೂಲಿ ಕಡಲೆ, ಜೀರಿಗೆ ಹಾಕಿದ್ದು ಬರುತ್ತದೆ. ಸಾಲ್ಮೊರೆಹೋ ಎಂಬ ಟೊಮೆಟೊದ ತಣ್ಣನೆಯ ಗಟ್ಟಿ ಸೂಪನ್ನು ತರಿಸುವಾಗ ಮಾತ್ರ ಮೊದಲೇ ಬಾಯಿಬಿಟ್ಟು ಹೇಳಿ. ಮೇಲೆ ಹಂದಿಮಾಂಸದ ಚೂರುಗಳನ್ನು ಕೇಳದೆಯೇ ಉದುರಿಸಿಬಿಡುತ್ತಾರೆ.