ಹ್ಯಾಂಡಲ್ ಮೇಲಿನ ಭಾಗವತರು

ಮುಲುಂಡ್ ಪಶ್ಚಿಮದ ಪಾಂಚ್ ರಸ್ತಾದಲ್ಲಿ ಬೆಳಿಗ್ಗೆ ಎಂಟರ ಹೊತ್ತಿಗೆ ಚಂಡೆ ಕೇಳಿಸಿದರೆ ಗಾಬರಿ ಬೀಳಬೇಡಿ. ಊರಿಂದ ಯಕ್ಷಗಾನ ಮೇಳವೇನೂ ಬಂದಿಲ್ಲ. ಬರುತ್ತಿರುವುದು ಒಂದು ಸ್ಪ್ಲೆಂಡರ್ ಬೈಕು. ಅದರ ಹ್ಯಾಂಡಲ್‌ಗೆ ರಬ್ಬರ್ ಟ್ಯೂಬಿನಿಂದ ಬಿಗಿದ ಒಂದು ಬ್ಲೂಟೂತ್ ಸ್ಪೀಕರ್, ಅದರ ಹಿಂದೆ ಐವತ್ತೈದು ದಾಟಿದ ಒಬ್ಬ ಗೃಹಸ್ಥರು, ಅವರ ಮುಖದಲ್ಲಿ ರಂಗಸ್ಥಳದ ಮುಂದಿನ ಸಾಲಿನಲ್ಲಿ ಕೂತವನ ತೃಪ್ತಿ. ಹೆಸರು ಬೇಡ, ಭಾಗವತರು ಎಂದರೆ ಸಾಕು. ಮುಂಬಯಿಯ ಕನ್ನಡಿಗರಿರುವ ಯಾವ ಉಪನಗರಕ್ಕೆ ಹೋದರೂ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ಮುಲುಂಡಿನ ಭಾಗವತರಿಗೆ ಮಾತ್ರ ಒಂದು ಅನುಕೂಲ ಹೆಚ್ಚು. 1922ರಲ್ಲಿ ಕ್ರೌನ್ ಮತ್ತು ಕಾರ್ಟರ್ ಎಂಬ ವಾಸ್ತುಶಿಲ್ಪಿಗಳು ಇಲ್ಲಿನ ಬೀದಿಗಳನ್ನು ಗೆರೆ ಎಳೆದ ಹಾಗೆ ನೇರ ಹಾಕಿಕೊಟ್ಟಿದ್ದಾರೆ. ಈ ತುದಿಯಲ್ಲಿ ಎತ್ತಿದ ಪದ್ಯ ಆ ತುದಿಯವರೆಗೆ ಸಲೀಸಾಗಿ ಹೋಗುತ್ತದೆ.

ಮನೆಯಲ್ಲೇ ಕೂತು ಕೇಳಬಾರದೇ ಎಂದು ನಾನೊಮ್ಮೆ ಕೇಳಿದ್ದೆ. “ಹ್ವಾಯ್, ಮನಿಯಗೆ ಕೇಂಬುಕೆ ಜಾಗ ಎಲ್ಲಿತ್ತ್ ಮರಾಯ್ರೆ?” ಎಂದರು. ಹೌದಲ್ಲ! ಒಂದು ಹಾಲು, ಒಂದು ಬೆಡ್‌ರೂಮು. ಹಾಲಿನಲ್ಲಿ ಧಾರಾವಾಹಿ, ಬೆಡ್‌ರೂಮಿನಲ್ಲಿ ಮಗನ ಆಫೀಸ್ ಮೀಟಿಂಗು. ಅಡುಗೆಮನೆಯಲ್ಲಿ ಕೂತರೆ ತೆಂಗಿನಕಾಯಿ ತುರಿಯಲು ಹೇಳುತ್ತಾರೆ. ಇನ್ನು ವಾಗ್ಲೆ ಎಸ್ಟೇಟಿನ ಅವರ ಕ್ಯಾಂಟೀನಿನಲ್ಲಿ ಎಕ್ಸಾಸ್ಟ್ ಫ್ಯಾನಿನ ಸದ್ದು, ಅದರ ಮೇಲೆ “ದೋ ಇಡ್ಲಿ, ಏಕ್ ಕಟಿಂಗ್” ಎಂಬ ಕೂಗು. ಹೀಗಾಗಿ ಈ ಮಹಾನಗರದಲ್ಲಿ ಅವರ ಪಾಲಿಗೆ ಉಳಿದ ಸ್ವಂತ ಜಾಗವೆಂದರೆ ಪಾಂಚ್ ರಸ್ತಾದಿಂದ ಎಲ್‌ಬಿಎಸ್ ಮಾರ್ಗ ಹಿಡಿದು, ಚೆಕ್‌ನಾಕಾ ದಾಟಿ, ವಾಗ್ಲೆ ಎಸ್ಟೇಟಿನವರೆಗಿನ ಡಾಂಬರು. ಅದಕ್ಕೆ ಮೇಂಟೆನೆನ್ಸ್ ಚಾರ್ಜೂ ಇಲ್ಲ.

ಸ್ಪೀಕರ್‌ಗೆ ಬರುವ ಮೊದಲು ಅವರು ಎಲ್ಲವನ್ನೂ ಮಾಡಿ ನೋಡಿದವರು. ಹೆಲ್ಮೆಟ್ಟು ಮತ್ತು ಕೆನ್ನೆಯ ನಡುವೆ ಮೊಬೈಲ್ ತುರುಕಿ ಹೋಗುವ ಪದ್ಧತಿ ಕೆಲವು ಕಾಲ ನಡೆಯಿತು. ಭಾಂಡುಪ್ ಹತ್ತಿರ ಒಂದು ಹೊಂಡಕ್ಕೆ ಚಕ್ರ ಇಳಿದಾಗ ಮೊಬೈಲು ಪದ್ಯದ ಸಮೇತ ಹಾರಿ ಬೆಸ್ಟ್ ಬಸ್ಸಿನಡಿಗೆ ಹೋಯಿತು. ಆಮೇಲೆ ಇಯರ್‌ಫೋನ್. ಅದು ಕಿವಿಯಲ್ಲಿದ್ದಾಗ ಹಿಂದಿನ ಲಾರಿಯ ಹಾರ್ನ್ ಕೇಳಿಸದೆ, ಲಾರಿ ಡ್ರೈವರನಿಂದ ಅವರ ವಂಶದ ಬಗ್ಗೆ ಹೊಸ ಸಂಗತಿಗಳು ತಿಳಿದವು. ಅಂದಿನಿಂದ ಇಯರ್‌ಫೋನ್ ಅಪಾಯ ಎಂಬುದು ಅವರ ಸಿದ್ಧಾಂತ. ತನಗೊಬ್ಬನಿಗೇ ಕೇಳಿಸಿದರೆ ಅಪಾಯ, ಆದ್ದರಿಂದ ಎಲ್ಲರಿಗೂ ಕೇಳಿಸಬೇಕು. ಮಳೆಗಾಲದಲ್ಲಿ ಸ್ಪೀಕರಿಗೆ ಹಾಲಿನ ಪ್ಲಾಸ್ಟಿಕ್ ಕೊಟ್ಟೆ ತೊಡಿಸುತ್ತಾರೆ. ಆಗ ಪದ್ಯವೆಲ್ಲ ನೆಗಡಿ ಹಿಡಿದ ಭಾಗವತರು ಹಾಡಿದಂತೆ ಕೇಳುತ್ತದೆ.

ಹಿಂದೆ ಕೂರುವ ಹೆಂಡತಿಯ ಕಷ್ಟ ಬೇರೆ. 2022ರ ಜೂನಿನಲ್ಲಿ ಮುಂಬಯಿ ಟ್ರಾಫಿಕ್ ಪೊಲೀಸರು ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಮಾಡಿದಾಗ ಊರೆಲ್ಲ ಗೊಣಗಿತು. ಇಡೀ ಮುಲುಂಡಿನಲ್ಲಿ ಖುಷಿಪಟ್ಟದ್ದು ಆಕೆ ಒಬ್ಬರೇ ಇರಬೇಕು. ಅಂಗಡಿಗೆ ಹೋಗಿ ಕಿವಿ ಪೂರ್ತಿ ಮುಚ್ಚುವಂಥದ್ದನ್ನೇ ಆರಿಸಿ ತಂದರು. ಬಣ್ಣ ಯಾವುದಾದರೂ ಆದೀತು ಎಂದರಂತೆ.

ಭಾಗವತರ ಬೈಕಿನ ವೇಗ ಕೈಯಲ್ಲಿಲ್ಲ, ತಾಳದಲ್ಲಿದೆ. ಕರುಣರಸದ ಪದ್ಯ ಬಂದರೆ ಬೈಕು ಎತ್ತಿನಗಾಡಿ. ಹಿಂದೆ ರಿಕ್ಷಾಗಳ ಸಾಲು ಬೆಳೆದು ಹಾರ್ನು ಹೊಡೆಯುತ್ತಿದ್ದರೂ ದಮಯಂತಿಯ ಗೋಳು ಮುಗಿಯುವ ತನಕ ಮೂರನೇ ಗೇರ್ ಬೀಳುವುದಿಲ್ಲ. ಏರುಪದ ಶುರುವಾಯಿತೋ, ಅದೇ ಮನುಷ್ಯ ಎರಡು ಟೆಂಪೋಗಳ ನಡುವೆ ನುಗ್ಗುತ್ತಾರೆ. ಇಸ್ರೇಲಿನ ಬೆನ್ ಗುರಿಯನ್ ವಿಶ್ವವಿದ್ಯಾಲಯದ ವಾರೆನ್ ಬ್ರಾಡ್‌ಸ್ಕಿ ಎಂಬವರು ಸಿಮ್ಯುಲೇಟರಿನಲ್ಲಿ ಜನರನ್ನು ಕೂರಿಸಿ ಇದನ್ನೇ ಪರೀಕ್ಷಿಸಿದ್ದರು. ಲಯ ಏರಿದಷ್ಟೂ ಗಾಡಿಯ ವೇಗ ಏರುತ್ತದೆ, ಕೆಂಪು ದೀಪ ಹಾರಿಸುವುದೂ ಹೆಚ್ಚುತ್ತದೆ ಎಂದು ಕಂಡುಕೊಂಡರು. ಪಾಪ, ಅವರು ಹಾಕಿದ್ದು ಬರೀ ಸಂಗೀತ. ಗದಾಯುದ್ಧದ ಚಂಡೆ ಹಾಕಿದ್ದರೆ ಸಿಮ್ಯುಲೇಟರೇ ಗೋಡೆ ಒಡೆದು ಹೊರಗೆ ಬರುತ್ತಿತ್ತು.

ಒಂದು ದನಿಗೆ ಮಾತ್ರ ಈ ನಿಯಮವಿಲ್ಲ. ಹೋಟೆಲಿನಲ್ಲಿ ಗ್ಲಾಸು ತೊಳೆಯುತ್ತ ರಾತ್ರಿಶಾಲೆಗೆ ಹೋಗುತ್ತಿದ್ದ ದಿನಗಳಲ್ಲಿ, ಗಲ್ಫಿನಿಂದ ಬಂದ ಯಾರದೋ ಟೂ-ಇನ್-ಒನ್‌ನಲ್ಲಿ ಯಕ್ಷಗಾನದ ಹಾಡುಗಾರ ಕಾಳಿಂಗ ನಾವಡರ ಕ್ಯಾಸೆಟ್ಟು ಕೇಳಿ ಬೆಳೆದವರು ಇವರು. ನಾವಡರು ಮೂವತ್ತು ದಾಟಿ ಸ್ವಲ್ಪವೇ ಆಗಿತ್ತು, 1990ರಲ್ಲಿ ರಸ್ತೆ ಅಪಘಾತದಲ್ಲಿ ಹೋಗಿಬಿಟ್ಟರು. ಆ ದನಿ ಸ್ಪೀಕರಿನಲ್ಲಿ ಬಂತೆಂದರೆ, ಎಂಥ ಏರುಪದವೇ ಇರಲಿ, ಭಾಗವತರು ತಮ್ಮಷ್ಟಕ್ಕೆ ಎಡಬದಿಗೆ ಸರಿದು ನಿಧಾನ ಮಾಡುತ್ತಾರೆ. ಈ ಬಗ್ಗೆ ಅವರೂ ಹೇಳಿಲ್ಲ, ನಾನೂ ಕೇಳಿಲ್ಲ.

ದಾರಿಯವರ ಸಹನೆಯನ್ನು ಮೆಚ್ಚಬೇಕು. ಕಚ್ಛಿ ಕಿರಾಣಿ ಅಂಗಡಿಯವರು “ಅಣ್ಣಾ, ಕೌನ್‌ಸೇ ಮಂದಿರ್ ಕಾ ಭಜನ್ ಹೈ?” ಎಂದು ಭಕ್ತಿಯಿಂದಲೇ ವಿಚಾರಿಸುತ್ತಾರೆ. “ಭಜನ್ ನಹೀ ಸೇಠ್, ಮರ್ಡರ್ ಚಲ್ ರಹಾ ಹೈ” ಎಂದು ಇವರು ಕೀಚಕವಧೆಯನ್ನು ವಿವರಿಸುತ್ತಾರೆ. ಆಸ್ಪತ್ರೆಯ ಸುತ್ತ ನೂರು ಮೀಟರ್ ಸದ್ದು ಮಾಡಬಾರದೆಂಬ ಕಾನೂನು ಅವರಿಗೆ ಗೊತ್ತು. ಅಲ್ಲಿ ವಾಲ್ಯೂಮ್ ಇಳಿಸಿ, ಆ ನೂರು ಮೀಟರ್ ತಾವೇ ಹಾಡುತ್ತಾರೆ. 2020ರ ಜನವರಿ ಕೊನೆಗೆ ಪೊಲೀಸರು ಒಂದು ಹೊಸ ಸಿಗ್ನಲ್ಲಿನ ಸುದ್ದಿ ಬಿಟ್ಟಿದ್ದರು. ಹಾರ್ನುಗಳ ಗದ್ದಲ 85 ಡೆಸಿಬೆಲ್ ಮೀರಿದರೆ ಕೆಂಪು ದೀಪ ಮತ್ತೆ ಮೊದಲಿನಿಂದ ಎಣಿಕೆ ಶುರು ಮಾಡುತ್ತಿತ್ತು. ಅದನ್ನು ಪ್ರಯೋಗಿಸಿದ್ದು ಸಿಎಸ್‌ಎಂಟಿ, ಪೆಡ್ಡರ್ ರೋಡ್ ಕಡೆ. ಮುಲುಂಡ್ ಚೆಕ್‌ನಾಕಾದಲ್ಲಿ ಇಟ್ಟಿದ್ದರೆ ಭಾಗವತರ ಒಂದು ಪ್ರಸಂಗ ಮುಗಿಯುವವರೆಗೆ ಠಾಣೆ ನಗರಕ್ಕೆ ಯಾರೂ ಹೋಗುವಂತಿರಲಿಲ್ಲ.

ಪದ್ಯವಾದರೂ ವಾಸಿ. ತಾಳಮದ್ದಳೆಯ ದಿನ ಅವರ ಹತ್ತಿರ ಬೈಕು ತರಬಾರದು. ಅರ್ಥಧಾರಿಗಳ ವಾದಕ್ಕೆ ಇವರು ರಸ್ತೆಯಿಂದಲೇ ಪ್ರತಿವಾದ ಹೂಡುತ್ತಾರೆ. “ಹಾಗಲ್ಲ ಸ್ವಾಮೀ!” ಎಂದು ಸಿಗ್ನಲ್ಲಿನಲ್ಲಿ ಗುಡುಗಿದರೆ ಪಕ್ಕದ ರಿಕ್ಷಾದವನು ತನಗೇ ಎಂದುಕೊಂಡು “ಮೈನೇ ಕ್ಯಾ ಕಿಯಾ?” ಎನ್ನುತ್ತಾನೆ. ಮೊನ್ನೆ ಹಾಕಿದ್ದು ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುವ ಘಟ್ಟ: ಎದುರು ಬಂದು ಹೊಡೆಯದೆ ಮರೆಯಲ್ಲಿ ನಿಂತದ್ದೇಕೆ? ಭಾಗವತರು ವಾಲಿಯ ಪಕ್ಷ. ಆವೇಶದಲ್ಲಿ ಬಲಗೈ ಎತ್ತಿದರು. ಬ್ರೇಕಿನ ಕೈ ಅದೇ. ಬೈಕು ಜೀಬ್ರಾ ಪಟ್ಟೆಯನ್ನು ಪೂರ್ತಿ ನುಂಗಿ ನಿಂತಿತು. ಎಲ್‌ಬಿಎಸ್ ಮಾರ್ಗದ ಉದ್ದಕ್ಕೂ ಈಗ ಮೆಟ್ರೋ ಕಂಬಗಳಲ್ಲವೇ? ಅವುಗಳಲ್ಲೊಂದರ ಮರೆಯಿಂದ ಹವಾಲ್ದಾರರು ಹೊರಬಂದು, ಮೊಬೈಲಿನಲ್ಲಿ ಫೋಟೋ ಹೊಡೆದು, “ಕಾಕಾ, ಆವಾಜ್ ಪಣ ಕಮೀ ಕರಾ” ಎಂದು ಮರಳಿ ಮರೆಗೆ ಹೋದರು.

ಸಂಜೆ ಇ-ಚಲನ್ ಬಂತು, ಫೋಟೋ ಸಮೇತ. ಅದರಲ್ಲಿ ಭಾಗವತರ ಕೈ ಆಕಾಶಕ್ಕೆ ಎತ್ತಿದೆ, ಕಣ್ಣು ಕೆಂಪಾಗಿದೆ, ಬಾಯಿ ಪೂರ್ತಿ ತೆರೆದಿದೆ. ದಂಡ ಕಟ್ಟುವ ಮೊದಲು ಅವರು ಅದನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದರು. ಕೋಟದಿಂದ ಅವರ ಭಾವನ ಉತ್ತರ ಕೂಡಲೇ ಬಂತು: “ವೇಷ ಲಾಯ್ಕ್ ಆಯ್ತ್. ಕಿರೀಟ ಮಾತ್ರ ಸಣ್ಣ ಆಯ್ತ್.”